ಪಿಕಪ್‌ಗೆ ಎರಡನೇ ಡೀಸೆಲ್ ಟ್ಯಾಂಕ್

ಅಮೆರಿಕದಲ್ಲಿ ಟ್ರೇಲರ್ ಎಳೆಯುವ ಡೀಸೆಲ್ ಪಿಕಪ್‌ಗೆ ಹಿಂಬದಿಯ ಸರಕು ತೊಟ್ಟಿಯಲ್ಲಿ ಕೂರಿಸುವ 50 ಗ್ಯಾಲನ್ (ಸುಮಾರು 190 ಲೀಟರ್) ಎರಡನೇ ಟ್ಯಾಂಕ್ ಧಾರಾಳ. ತುಂಬಿದರೆ ಡೀಸೆಲ್ಲೇ ಸುಮಾರು 160 ಕೆ.ಜಿ.; ಅದಕ್ಕೆ ಟ್ಯಾಂಕಿನ ತೂಕ, ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರ, ಒಳಗಿನ ಜನ, ಸರಕಿನ ತೂಕ ಸೇರಿಸಿ, ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವ ಭಾರದ ಮಿತಿಯೊಡನೆ ಹೋಲಿಸಿ.

ಟ್ಯಾಂಕ್ ಬಿಗಿಯಲು ತೊಟ್ಟಿಯ ತಳಕ್ಕೆ ತೂತು ಕೊರೆಯುವ ಮುನ್ನ ಗಾಡಿಯಡಿ ನುಸುಳಿ ನೋಡಿ: ಬ್ರೇಕ್ ಪೈಪ್, ವೈರಿಂಗ್, ಮೂಲ ಟ್ಯಾಂಕ್ ಎಲ್ಲ ಅಲ್ಲೇ ಇರುತ್ತವೆ. ಬೋಲ್ಟಿಗೆ ಅಗಲ ವಾಷರ್ ಹಾಕಿ, ಇಲ್ಲದಿದ್ದರೆ ತಗಡು ಹರಿಯುತ್ತದೆ.

ಮೇಲಿನ ಹೊಸ ಟ್ಯಾಂಕಿನ ಡೀಸೆಲ್ ತಾನಾಗಿ ಕೆಳಗೆ ಹರಿದು ಬರಲು, ಮೂಲ ಟ್ಯಾಂಕಿನ ಫಿಲ್ಲರ್ ಹೋಸ್ (ಡೀಸೆಲ್ ತುಂಬಿಸುವ ಕೊಳವೆ) ಕತ್ತರಿಸಿ T ಆಕಾರದ ಜೋಡಣೆ ಹಾಕಿ, ಅದಕ್ಕೆ ಹೊಸ ಟ್ಯಾಂಕಿನ ಹೋಸ್ ಸೇರಿಸಿ. ಡೀಸೆಲ್‌ಗೆಂದೇ ಮಾಡಿದ ಹೋಸ್ ಬಳಸಿ. ಎರಡು ಟ್ಯಾಂಕ್‌ಗಳ ನಡುವೆ ಬಾಲ್ ವಾಲ್ವ್ (ಕೈಯಿಂದ ಮುಚ್ಚುವ ವಾಲ್ವ್), ಜೊತೆಗೆ ಕೆಳಗಿನ ಮೂಲ ಟ್ಯಾಂಕ್ ತುಂಬಿದೊಡನೆ ತಾನೇ ಮುಚ್ಚುವ ವಾಲ್ವ್ ಇರಲಿ. ಈ ತಾನೇ ಮುಚ್ಚುವ ವಾಲ್ವ್ ಇಲ್ಲದಿದ್ದರೆ ಡೀಸೆಲ್ ಉಕ್ಕಿ ಹೊರಬರುತ್ತದೆ. ಹೋಸ್ ಎಲ್ಲೂ ಮೇಲೇರಿ ಇಳಿಯದಿರಲಿ, ಗಾಳಿ ಸಿಕ್ಕಿ ಹರಿವು ನಿಲ್ಲುತ್ತದೆ. ಪೆಟ್ರೋಲ್ ಗಾಡಿಗೆ ಈ ವಿಧಾನ ಬೇಡವೇ ಬೇಡ.