ಕತ್ತಲಲ್ಲಿ ಹಕ್ಕಿ ಎಣಿಸುವುದು ಹೇಗೆ?

ಕಳೆದ ಫೆಬ್ರುವರಿಯಲ್ಲಿ ತುಮಕೂರು ಕಡೆಯ ಒಂದು ಕೆರೆ ಏರಿ ಮೇಲೆ ಹೊಸಬರ ಜೊತೆ ಗೂಬೆ ಎಣಿಸಲು ಕೂತಿದ್ದೆ. ಹತ್ತು ನಿಮಿಷ ಆದ ಮೇಲೆ ಎಲ್ಲರ ಪಟ್ಟಿ ನೋಡಿದರೆ, ಒಬ್ಬರು ಹಾಲಕ್ಕಿ ಎಂಬ ಸಣ್ಣ ಗೂಬೆ 9 ಎಂದು ಬರೆದಿದ್ದರು, ಪಕ್ಕದವರು 2. ಇಬ್ಬರೂ ಕೇಳಿದ್ದು ಅದೇ ಒಂದು ಜೋಡಿಯನ್ನು. ಕೂಗಿದಾಗಲೆಲ್ಲ ಒಂದೊಂದು ಗೆರೆ ಎಳೆದರೆ ಹೀಗೇ ಆಗುತ್ತದೆ. ಈ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹಗಲಿನ ಗಣತಿಗೆ ಈಗ ಜನ ಬರುತ್ತಾರೆ. ಕೇರಳದಲ್ಲಿ 2015ರಿಂದ 2020ರವರೆಗೆ ಸ್ವಯಂಸೇವಕರು ಇಡೀ ರಾಜ್ಯ ಸುತ್ತಿ, ಯಾವ ಹಕ್ಕಿ ಎಲ್ಲಿದೆ ಅಂತ ತೋರಿಸುವ ಪಕ್ಷಿ ಅಟ್ಲಾಸ್ ಮಾಡಿದರು, ನಮ್ಮ ಮೈಸೂರಿನಲ್ಲೂ ನಗರದ ಅಟ್ಲಾಸ್ ಆಯಿತು. ಆದರೆ ಗೂಬೆ, ನತ್ತಿಂಗ (ನೈಟ್‌ಜಾರ್ ಎಂಬ ರಾತ್ರಿ ಹಕ್ಕಿ) ಹಗಲಿನ ಪಟ್ಟಿಗೆ ಸಿಗುವುದು ಕಡಿಮೆ. ಅವು ನಮ್ಮೂರಲ್ಲಿ ಎಷ್ಟಿವೆ ಅಂತ ಗೊತ್ತಾಗಬೇಕಾದರೆ ಯಾರಾದರೂ ರಾತ್ರಿ ಹೋಗಿ ಕೂರಲೇಬೇಕು.

ಜಾಗ. ಕಾಡು ಬೇಡ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಕಾಡಿಗೆ ಹೋಗುವ ಹಾಗಿಲ್ಲ. ಕೆರೆ ಏರಿ, ತೋಟದ ಅಂಚು, ಹಳೇ ಹುಣಸೆ ಮರಗಳ ಸಾಲು ಸಾಕು. ಒಂದಕ್ಕಿಂತ ಹೆಚ್ಚು ಜಾಗ ಆರಿಸಿಕೊಂಡರೆ ನಡುವೆ ಕನಿಷ್ಠ ಅರ್ಧ ಕಿಲೋಮೀಟರ್ ಇರಲಿ. ಹಗಲಲ್ಲೇ ಒಮ್ಮೆ ಹೋಗಿ ಬನ್ನಿ. ಎಲ್ಲಿ ಕೂರುತ್ತೀರಿ, ಯಾವ ಮರ 50 ಮೀಟರ್, ಯಾವುದು 100 ಮೀಟರ್ ಅಂತ ಆಗಲೇ ನೋಡಿಕೊಳ್ಳಿ. ಕತ್ತಲಲ್ಲಿ ದೂರ ಅಂದಾಜಿಗೆ ಸಿಗುವುದಿಲ್ಲ. ಊರಿನವರಿಗೆ ಹೇಳಿ ಹೋಗಿ, ಇಲ್ಲದಿದ್ದರೆ ಕಳ್ಳರು ಅಂದುಕೊಳ್ಳುತ್ತಾರೆ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಹೊಲಕ್ಕೆ ಹೋಗುವ ರೈತರನ್ನು ಮಾತಾಡಿಸುವುದನ್ನಂತೂ ಮರೆಯಬೇಡಿ. ಯಾವ ಹಕ್ಕಿ ಎಲ್ಲಿ ಕೂಗುತ್ತದೆ ಅಂತ ಅವರಷ್ಟು ಬಲ್ಲವರು ಇಲ್ಲ. 1900ರ ನಂತರ ಕಾಣಿಸದೇ ಹೋಗಿದ್ದ ಜೆರ್ಡನ್ಸ್ ಕೋರ್ಸರ್ ಎಂಬ ರಾತ್ರಿ ಹಕ್ಕಿ 1986ರಲ್ಲಿ ಆಂಧ್ರದ ಕಡಪದಲ್ಲಿ ಮತ್ತೆ ಸಿಕ್ಕಿದ್ದೂ ಸ್ಥಳೀಯರ ನೆರವಿನಿಂದಲೇ.

ಹೊತ್ತು. ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ. ಗಾಳಿ, ಮಳೆ ಇದ್ದರೆ ಹೋಗಬೇಡಿ. ನತ್ತಿಂಗಗಳಿಗೆ ಬೆಳದಿಂಗಳು ಒಳ್ಳೆಯದು, ಆಗ ಅವು ಜಾಸ್ತಿ ಕೂಗುತ್ತವೆ.

ಸಾಮಾನು. ಶೂ, ತುಂಬು ತೋಳಿನ ಹತ್ತಿ ಅಂಗಿ, ಮಡಚುವ ಸ್ಟೂಲು, ಪೆನ್ಸಿಲ್, ರಟ್ಟಿಗೆ ಸಿಕ್ಕಿಸಿದ ಹಾಳೆ, ಕೆಂಪು ಜಿಲೇಟಿನ್ ಹಾಳೆ ಸುತ್ತಿದ ಸಣ್ಣ ಟಾರ್ಚು. ಸರಸರ ಸದ್ದು ಮಾಡುವ ನೈಲಾನ್ ಜಾಕೆಟ್ ಬೇಡವೇ ಬೇಡ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಮೈಲಿ ದೂರ ಬೆಳಕು ಬೀಳುತ್ತದೆ ಅನ್ನುವ ಜೂಮ್ ಟಾರ್ಚುಗಳಿಗೆ ದುಡ್ಡು ಹಾಕಬೇಡಿ. ಅವು ಗೂಬೆಯ ಕಣ್ಣನ್ನೂ ಕುಕ್ಕುತ್ತವೆ, ನಿಮ್ಮ ಕಣ್ಣನ್ನೂ ಕೆಡಿಸುತ್ತವೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಮೊಬೈಲ್ ಪರದೆ ನೋಡಿದರೆ ಅದೆಲ್ಲ ಹೋಯಿತು. ಅದಕ್ಕೇ ನಾನು ಪೆನ್ಸಿಲ್ ಅನ್ನುವುದು.

ಕೇಳುವುದು, ಎಣಿಸುವುದು. ಕಷ್ಟ ಇರುವುದು ಇಲ್ಲೇ. ಹೋದ ಕೂಡಲೇ ಶುರು ಮಾಡಬೇಡಿ, ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ನಿಮ್ಮ ಹೆಜ್ಜೆ ಸದ್ದಿಗೆ ಹೆದರಿದ ಟಿಟ್ಟಿಭ ಕಿರುಚುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಹಾಳೆಯ ಮೇಲೆ ಮೊದಲೇ ಒಂದು ದೊಡ್ಡ ವೃತ್ತ ಬರೆದಿರಬೇಕು. ನಡುವೆ ನೀವು, ಮೇಲುಗಡೆ ಉತ್ತರ. ಆಮೇಲೆ ಹತ್ತು ನಿಮಿಷ, ಗಡಿಯಾರ ನೋಡಿ. ಹಕ್ಕಿ ಕೂಗಿದ ದಿಕ್ಕಿನಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ ಮತ್ತು ಎಷ್ಟನೇ ನಿಮಿಷ ಅನ್ನುವುದು. ಅದೇ ಕಡೆಯಿಂದ ಮತ್ತೆ ಕೂಗಿದರೆ ಹೊಸ ಚುಕ್ಕೆ ಇಡಬೇಡಿ, ನಿಮಿಷ ಮಾತ್ರ ಸೇರಿಸಿ. ಬೇರೆ ಕಡೆಯಿಂದ ಕೇಳಿದರೆ, ಮೊದಲಿನದೇ ಹಾರಿ ಹೋಯಿತೋ ಇನ್ನೊಂದೋ ಗೊತ್ತಿಲ್ಲ ಅಲ್ವಾ? ಅಲ್ಲೊಂದು ಚುಕ್ಕೆ ಇಟ್ಟು, ಮೊದಲಿನ ಚುಕ್ಕೆಯಿಂದ ಅದಕ್ಕೆ ಬಾಣದ ಗುರುತು ಹಾಕಿ, ಹೊಸದರ ಪಕ್ಕ ಪ್ರಶ್ನೆ ಚಿಹ್ನೆ ಇಟ್ಟು ಬಿಡಿ. ಎರಡೂ ಕಡೆಯಿಂದ ಒಂದೇ ಸಮಯಕ್ಕೆ ಕೂಗು ಬಂದರೆ ಮಾತ್ರ ಎರಡು ಚುಕ್ಕೆ ಇಟ್ಟು ನಡುವೆ ಗೆರೆ ಎಳೆಯಿರಿ. ಅದು ಖಚಿತವಾಗಿ ಎರಡು. ಕೊನೆಗೆ ಲೆಕ್ಕಕ್ಕೆ ಬರುವುದು ಪ್ರಶ್ನೆ ಚಿಹ್ನೆ ಇಲ್ಲದ ಚುಕ್ಕೆಗಳಷ್ಟೇ.

ಯಾವ ಕೂಗು ಯಾರದ್ದು? ಹಾಲಕ್ಕಿಯ ಚಿರ್‌ರ್ ಚಿರ್‌ರ್ ಜಗಳ ಎಲ್ಲರಿಗೂ ಗೊತ್ತು. ಸಿಮೆಂಟ್ ನೆಲದ ಮೇಲೆ ಗೋಲಿ ಬಿದ್ದು ಪುಟಿದು ಪುಟಿದು ನಿಂತ ಹಾಗೆ, ಚಕ್ ಚಕ್ ಚಕ್ ಎಂದು ಕೊನೆಗೆ ವೇಗವಾಗುವುದು ಸಾಮಾನ್ಯ ನತ್ತಿಂಗ. ಆಳದ ದನಿಯಲ್ಲಿ ಬು-ಬೂ ಅನ್ನುವುದು ಕೊಂಬಿನ ಗೂಬೆ, ಬಂಡೆ ಇರುವ ಕಡೆ ಕೇಳುತ್ತದೆ. ಎಡವುವುದು ಸ್ಕಾಪ್ಸ್ ಎಂಬ ಸಣ್ಣ ಗೂಬೆಯ ಹತ್ತಿರ. ಮೆಲ್ಲಗೆ ಒಂದು 'ವಟ್', ಸ್ವಲ್ಪ ಬಿಟ್ಟು ಇನ್ನೊಂದು. ಕಪ್ಪೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ದನಿ ನೀರಿನ ಕಡೆಯಿಂದ ಬಂತೋ ಮರದ ಮೇಲಿನಿಂದಲೋ ನೋಡಿ. ಗುರುತು ಹತ್ತದಿದ್ದರೆ ಫೋನನ್ನು ಮುಖ ಕೆಳಗೆ ಮಾಡಿಟ್ಟು ರೆಕಾರ್ಡ್ ಮಾಡಿಕೊಳ್ಳಿ, ಮನೆಗೆ ಹೋಗಿ ನಿಧಾನವಾಗಿ ಕೇಳಿ. ಕೂಗು ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹೇಳಿದ ಹೆಸರನ್ನು ನಿಮ್ಮ ಕಿವಿಯಿಂದ ಒಪ್ಪಿಸಿಕೊಳ್ಳದೆ ಬರೆಯಬೇಡಿ.

ಇನ್ನು ಅಡ್ಡದಾರಿ. ಗೂಬೆಯ ಕೂಗನ್ನು ಫೋನಿನಲ್ಲಿ ಹಾಕಿದರೆ ಹಕ್ಕಿ ತಾನೇ ಬರುತ್ತದೆ, ಬೇಗ ಮುಗಿಯುತ್ತದೆ ಅನ್ನುವವರು ಇದ್ದಾರೆ. ದಯವಿಟ್ಟು ಬೇಡ. ತನ್ನ ಜಾಗಕ್ಕೆ ಬೇರೆ ಗೂಬೆ ಬಂತು ಅಂದುಕೊಂಡು ಅದು ಬೇಟೆ ಬಿಟ್ಟು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ದೂರದ ಹಕ್ಕಿಯೂ ಹತ್ತಿರ ಬಂದು ನಿಮ್ಮ ಎಣಿಕೆ ಕೆಡುತ್ತದೆ. ಕೊಂಬಿನ ಗೂಬೆ ಸಣ್ಣ ಗೂಬೆಗಳನ್ನು ಹಿಡಿದು ತಿನ್ನುತ್ತದೆ, ಅದು ಪಕ್ಕದಲ್ಲೇ ಇದ್ದರೆ?

ದಾಖಲೆ. ಅದೇ ರಾತ್ರಿ ಹಕ್ಕಿ ಪಟ್ಟಿಗಳನ್ನು ಕೂಡಿಡುವ ಜಾಲತಾಣ ಇ-ಬರ್ಡ್‌ಗೆ ಹಾಕಿ, ಪ್ರತಿ ಜಾಗಕ್ಕೂ ಬೇರೆ ಪಟ್ಟಿ, ಒಂದೇ ಕಡೆ ಕೂತು ನೋಡಿದ್ದು ಅನ್ನುವ ಬಗೆಯಲ್ಲಿ. ಅಲ್ಲಿ ರಾತ್ರಿ ಹಾರಾಟದ ಕೂಗು ಎಂಬ ಇನ್ನೊಂದು ಬಗೆ ಇದೆ. ಅದು ವಲಸೆ ಹೋಗುತ್ತಾ ತಲೆಯ ಮೇಲೆ ಹಾರುವ ಹಕ್ಕಿಗಳಿಗೆ, ನಮಗಲ್ಲ. ಏನೂ ಕೇಳದ ರಾತ್ರಿಯನ್ನು ಗುಂಪಿನ ಪುಸ್ತಕದಲ್ಲಿ ಸೊನ್ನೆ ಎಂದು ತಪ್ಪದೇ ಬರೆಯಿರಿ. ಮುಂದಿನ ವರ್ಷ ಅಲ್ಲಿ ಗೂಬೆ ಕೂಗಿದರೆ ಈ ಸೊನ್ನೆ ಬೇಕಾಗುತ್ತದೆ.

ಗೂಡು ಅಥವಾ ಹಗಲು ಮಲಗುವ ಮರ ಕಂಡರೆ ಅದರ ಜಾಗ, ಫೋಟೋ ವಾಟ್ಸಾಪಿಗೆ ಹಾಕಬೇಡಿ. ದೀಪಾವಳಿ ಸಮಯದಲ್ಲಿ ಮಾಟಕ್ಕೆ ಅಂತ ಗೂಬೆ ಹಿಡಿಯುವವರು ಇದ್ದಾರೆ, ಅವರಿಗೆ ಒಂದು ಪಿನ್ ಸಾಕು. ನಮ್ಮ ಗುಂಪಿನಲ್ಲಿ ಗೂಡಿನ ಮರ ಯಾವುದು ಅಂತ ಕಂಡುಹಿಡಿದವರಿಗೆ ಮತ್ತು ಪುಸ್ತಕ ಇಟ್ಟುಕೊಂಡವರಿಗೆ ಮಾತ್ರ ಗೊತ್ತಿರುತ್ತದೆ.