ತೋಟದ ಮನೆ ದಾರಿಗೆ ಜಲ್ಲಿ ಹಾಕಿಸಿದ್ದು

ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನಮ್ಮದು ಹಿಪ್ಪುನೇರಳೆ ತೋಟ. ತೋಟದ ಒಳಗೇ ರೇಷ್ಮೆ ಹುಳು ಸಾಕುವ ಮನೆ, ಅದಕ್ಕೆ ಅಂಟಿಕೊಂಡು ನಾವಿರುವ ಮನೆ. ಪಂಚಾಯ್ತಿ ರಸ್ತೆಯಿಂದ ಅಂಗಳಕ್ಕೆ 120 ಅಡಿ ದಾರಿ, ಬರೀ ಕೆಮ್ಮಣ್ಣು. ಬೇಸಿಗೆಯಲ್ಲಿ ಒಂದು ಟೆಂಪೊ ಬಂದು ಹೋದರೆ ಸಾಕು, ಎರಡೂ ಕಡೆಯ ಸೊಪ್ಪಿನ ಮೇಲೆ ದೂಳು ಕೂರುತ್ತಿತ್ತು. ದೂಳು ಹಿಡಿದ ಸೊಪ್ಪನ್ನು ಹುಳುವಿಗೆ ಹಾಕೋಕೆ ಮನಸ್ಸು ಬರುವುದಿಲ್ಲ, ಹುಳು ಸರಿಯಾಗಿ ತಿನ್ನುವುದೂ ಇಲ್ಲ. ಮಳೆಗಾಲದಲ್ಲಿ ಇನ್ನೊಂದು ಪಾಡು. 2021ರ ನವೆಂಬರ್ ಮಳೆ ನಮ್ಮ ಕಡೆ ಯಾರಿಗೂ ಮರೆಯುವಂಥದ್ದಲ್ಲ. ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಬಂತು. ನಮ್ಮ ಮನೆಯಲ್ಲಿ ಗೂಡು ಬಿಡಿಸಿ ಚೀಲಕ್ಕೆ ತುಂಬಿದ್ದೆವು, ಟೆಂಪೊ ಒಳಗೆ ಬರಲಾಗಲಿಲ್ಲ. ಗೂಡನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ. ದಿನ ತಳ್ಳಿದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಅದರಲ್ಲಿ ನೂಲು ತೆಗೆಯಲು ಆಗುವುದಿಲ್ಲ. ಚೀಲಗಳನ್ನು ತಲೆ ಮೇಲೆ ಹೊತ್ತು ಕೆಸರು ದಾಟಿಸಿದೆವು. ದಾರಿ ಮಾಡಿಸಲೇಬೇಕು ಅಂತ ಅಪ್ಪ ಅವತ್ತೇ ಹೇಳಿದರು.

ಮೊದಲು ಕಾಂಕ್ರೀಟಿಗೆ ಅಂದಾಜು ಕೇಳಿದೆವು. ದುಡ್ಡು ಜಾಸ್ತಿ ಅನ್ನುವುದು ಒಂದು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ತೋಟ ಅಂದ ಮೇಲೆ ಇವತ್ತು ಡ್ರಿಪ್ ಪೈಪು, ನಾಳೆ ಮೋಟರಿನ ಕೇಬಲ್ಲು, ದಾರಿ ಅಡ್ಡಡ್ಡ ಅಗೆಯುವುದು ಇದ್ದೇ ಇರುತ್ತದೆ. ಜಲ್ಲಿ ದಾರಿಯನ್ನು ಅಗೆದು ಮತ್ತೆ ಮುಚ್ಚಬಹುದು. ಬಿದ್ದ ಮಳೆಯೂ ಸ್ವಲ್ಪ ಇಂಗುತ್ತದೆ. ಸಾವಿರ ಅಡಿ ಬೋರು ಕೊರೆಸುವ ಜಿಲ್ಲೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ ಅಲ್ವಾ?

ಆದರೆ ಜಲ್ಲಿ ತರಿಸುವ ಮೊದಲು ಮಳೆಗೆ ಕಾದೆ. ಭರಣಿ ಮಳೆ ಜೋರಾಗಿ ಬಿದ್ದ ದಿನ ಛತ್ರಿ ಹಿಡಿದು ದಾರಿಯುದ್ದಕ್ಕೂ ಓಡಾಡಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ದಾಟುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ಅಲ್ಲಲ್ಲಿ ಗೂಟ ಹೊಡೆದೆ. ನಮ್ಮ ದಾರಿಯನ್ನು ಹಾಳು ಮಾಡುತ್ತಿದ್ದದ್ದು ಅದರ ಮೇಲೆ ಬೀಳುವ ಮಳೆಯಲ್ಲ, ಮೇಲಿನ ಹೊಲದಿಂದ ಹರಿದು ಬಂದು ನಡುವೆ ದಾಟುವ ನೀರು. ಆ ನೀರಿಗೆ ಬೇರೆ ಹಾದಿ ಕೊಡದೆ ಎಷ್ಟು ಲೋಡು ಕಲ್ಲು ಸುರಿದರೂ ಸುಮ್ನೆ ದಂಡ. ಮೇಲುಗಡೆಯ ಅಂಚಿನುದ್ದಕ್ಕೂ ಒಂದು ಕಾಲುವೆ ತೆಗೆಸಿದೆವು. ತಗ್ಗಿನ ಜಾಗದಲ್ಲಿ ದಾರಿಯ ಕೆಳಗೆ ಒಂದಡಿ ಅಗಲದ ಸಿಮೆಂಟ್ ಪೈಪು ಕೂರಿಸಿ ನೀರನ್ನು ಆಚೆ ಬದಿಯ ಕೃಷಿ ಹೊಂಡಕ್ಕೆ ಬಿಟ್ಟೆವು. ಸಣ್ಣ ಪೈಪು ಹಾಕಬೇಡಿ. ಸೊಪ್ಪು, ಕಡ್ಡಿ, ಮಣ್ಣು ಸೇರಿ ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ. ಗೇಟಿನ ಹತ್ತಿರ ರಸ್ತೆಬದಿಯ ಚರಂಡಿ ದಾಟಬೇಕಿತ್ತು. ಅದು ಪಂಚಾಯ್ತಿಯದು, ಮೊದಲೇ ಹೋಗಿ ಹೇಳಿ ಒಪ್ಪಿಗೆ ತಗೊಂಡು ಅಲ್ಲೂ ಮೋರಿ ಪೈಪು ಇಟ್ಟೆವು.

ಆಮೇಲೆ ಮಣ್ಣು. ಮನೆ ಕಡೆಯ ಅರ್ಧ ದಾರಿಯಲ್ಲಿ ಮೇಲೆ ಕೆಮ್ಮಣ್ಣು, ಕೆಳಗೆ ಗಟ್ಟಿ ಗೊರಚು, ಅಂದರೆ ಹರಳುಕಲ್ಲು ಬೆರೆತ ಮಣ್ಣು. ಅಲ್ಲಿ ಹಾರೆ ಎತ್ತಿ ಬಿಟ್ಟರೆ ಠಣ್ ಅಂದು ನಿಲ್ಲುತ್ತಿತ್ತು. ಗೇಟಿನ ಕಡೆ ಅದೇ ಹಾರೆ ಸದ್ದಿಲ್ಲದೆ ಒಂದು ಗೇಣು ಇಳಿಯಿತು. ತಾತನ ಕಾಲದಲ್ಲಿ ಆ ಜಾಗ ಹೊಲವಾಗಿತ್ತು, ಬೇಸಿಗೆಯಲ್ಲಿ ಗಾಡಿಗಟ್ಟಲೆ ಕೆರೆಗೋಡು, ಅಂದರೆ ಕೆರೆಯ ಹೂಳು, ತಂದು ಹರಡಿದ್ದರು. ಬೆಳೆಗೆ ಅದು ಬಂಗಾರ, ದಾರಿಗೆ ಅಲ್ಲ. ಒದ್ದೆಯಾದರೆ ಗೋಡು ಬೆಣ್ಣೆಯ ಹಾಗೆ ಆಗಿ ಕಲ್ಲನ್ನು ನುಂಗುತ್ತದೆ. ಅಷ್ಟುದ್ದವನ್ನೂ ಗಟ್ಟಿ ನೆಲ ಸಿಗುವವರೆಗೆ ಜೆಸಿಬಿಯಲ್ಲಿ ತೆಗೆಸಿ, ಗೊರಚು ಮಣ್ಣನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರ್ ಓಡಿಸಿದೆವು. ತೆಗೆದ ಗೋಡು ಹಿಪ್ಪುನೇರಳೆ ಸಾಲಿಗೆ ಹೋಯಿತು. ಎರೆಮಣ್ಣಿನ ಕಡೆಯವರಾದರೆ ಮಣ್ಣಿಗೂ ಕಲ್ಲಿಗೂ ನಡುವೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ನೀರು ಇಳಿಯುತ್ತದೆ, ಮಣ್ಣು ಮೇಲೆ ಬರುವುದಿಲ್ಲ, ಕಲ್ಲು ಹೂತುಹೋಗುವುದಿಲ್ಲ.

ಉಳಿದ ಕಡೆ ನಾಲ್ಕೇ ಅಂಗುಲ ಅಗೆದೆವು. ಕಲ್ಲಿನ ಒಟ್ಟು ದಪ್ಪ ಆರು ಅಂಗುಲ. ಹಾಗಾಗಿ ದಾರಿ ಅಕ್ಕಪಕ್ಕದ ನೆಲಕ್ಕಿಂತ ಎರಡು ಅಂಗುಲ ಎತ್ತರ ನಿಲ್ಲುತ್ತದೆ. ತಗ್ಗಿನಲ್ಲಿ ಉಳಿದರೆ ಮಳೆ ಬಂದಾಗ ದಾರಿಯೇ ಕಾಲುವೆ. ಅಗಲ ಹತ್ತು ಅಡಿ. ನಡುವೆ ಅಂಚಿಗಿಂತ ಎರಡು ಅಂಗುಲ ಉಬ್ಬು ಇರಬೇಕು ಅಂತ ಲೆಕ್ಕ. ನಡುವಿನ ಮಟ್ಟಕ್ಕೆ ಸಮವಾಗಿ ಅಡ್ಡ ದಾರ ಎಳೆದು, ಅಂಚಿನಲ್ಲಿ ದಾರಕ್ಕೂ ನೆಲಕ್ಕೂ ಎರಡು ಅಂಗುಲ ಇದೆಯಾ ಅಂತ ಅಳೆಯುತ್ತಾ ಹೋದೆವು. ಈ ಉಬ್ಬನ್ನು ಮಣ್ಣಿನಲ್ಲೇ ಮಾಡಬೇಕು. ಮೇಲೆ ಜಲ್ಲಿಯಲ್ಲಿ ಸರಿಮಾಡಿಕೊಳ್ಳೋಣ ಅಂದರೆ ಕೆಳಗೆ ನೀರು ನಿಂತೇ ನಿಲ್ಲುತ್ತದೆ.

ಕಲ್ಲು ಎಷ್ಟು ಬೇಕು ಅನ್ನುವ ಲೆಕ್ಕ ಹೀಗೆ. 120 ಅಡಿ ಉದ್ದ, 10 ಅಡಿ ಅಗಲ ಅಂದರೆ 1,200 ಚದರಡಿ. ಕೆಳಪದರ ನಾಲ್ಕು ಅಂಗುಲಕ್ಕೆ 400 ಘನ ಅಡಿ. ರೋಲರ್ ಕೆಳಗೆ ಕಲ್ಲು ಕೂರುವುದರಿಂದ ಕಾಲು ಭಾಗ ಜಾಸ್ತಿ, ಅಂದರೆ 500 ಘನ ಅಡಿ ಬೇಕು. ಮೇಲಿನ ಎರಡು ಅಂಗುಲಕ್ಕೆ 200. ಕ್ರಷರ್‌ನವರು ಟನ್ ಲೆಕ್ಕ ಹೇಳುತ್ತಾರೆ. ಸುಮಾರು 35 ಘನ ಅಡಿಗೆ ಒಂದು ಘನ ಮೀಟರ್, ಅದು ಒಂದೂವರೆ ಟನ್ ಹತ್ತಿರ ತೂಗುತ್ತದೆ. ಆ ಪ್ರಕಾರ ಕೆಳಗೆ 21 ಟನ್, ಮೇಲೆ ಎಂಟೂವರೆ. ಈ ಲೆಕ್ಕ ಕೈಯಲ್ಲಿದ್ದರೆ ಲೋಡು ಕಡಿಮೆ ಬಂತಾ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಕಲ್ಲನ್ನು ಕಣ್ಣಾರೆ ನೋಡಿ ತಗೊಳ್ಳಿ. ಮೂಲೆ ಚೂಪಾಗಿರುವ ಒಡೆದ ಕಲ್ಲೇ ಬೇಕು, ಒಂದರ ಮೂಲೆ ಇನ್ನೊಂದರ ಸಂದಿಗೆ ಸಿಕ್ಕಿಕೊಂಡು ಹಿಡಿದು ನಿಲ್ಲುತ್ತದೆ. ಹೊಳೆಯ ಗುಂಡುಕಲ್ಲು ನೋಡಲು ಚೆಂದ, ಚಕ್ರದ ಕೆಳಗೆ ಉರುಳುತ್ತದೆ. ಲೋಡಿನ ಜೊತೆ ಗಣಿ ಇಲಾಖೆಯ ಪರ್ಮಿಟ್ ಇದೆಯಾ ಅಂತ ಕೇಳಿ. 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ, ಕ್ವಾರಿಯಲ್ಲಿ ಬಂಡೆ ಸಿಡಿಸಲು ಬಳಸುವ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನಮ್ಮ ಅಂಗಳಕ್ಕೆ ಬರುವ ಕಲ್ಲು ಎಲ್ಲಿಂದ, ಹೇಗೆ ಬಂತು ಅಂತ ಕೇಳುವುದು ನಮ್ಮ ಕೆಲಸ ಅಂತಲೇ ನಾನು ತಿಳಿದಿದ್ದೇನೆ.

ಕಲ್ಲು ಸುರಿಯುವ ಮೊದಲು ಎರಡು ಕೆಲಸ ಮುಗಿಸಿಕೊಂಡೆವು. ಮೂರು ಜಾಗದಲ್ಲಿ ನಾಲ್ಕು ಅಂಗುಲದ ಪಿವಿಸಿ ಪೈಪನ್ನು ಅಡ್ಡಲಾಗಿ ಹೂತು, ಎರಡು ಬಾಯಿಗೂ ಮುಚ್ಚಳ ಹಾಕಿ ಖಾಲಿ ಬಿಟ್ಟೆವು. ಮುಂದೆ ಡ್ರಿಪ್ ಲೈನು, ಕೇಬಲ್ಲು ಏನೇ ಬಂದರೂ ಅದರೊಳಗೆ ತೂರಿಸಿದರಾಯಿತು. ಎರಡೂ ಅಂಚಿಗೆ ಹಳೇ ಬೇಲಿಯ ಮುರಿದ ಕಲ್ಲು ಕೂಚಗಳನ್ನು ಮಲಗಿಸಿ ಅರ್ಧ ಹೂತೆವು. ಗಾರೆ ಹಾಕಲಿಲ್ಲ, ನಡುನಡುವೆ ಬೆರಳಗಲ ಸಂದಿ ಬಿಟ್ಟೆವು, ನೀರು ಅಲ್ಲಿಂದ ಹೊರಗೆ ಹೋಗುತ್ತದೆ. ಅಂಚು ಇಲ್ಲದಿದ್ದರೆ ಜಲ್ಲಿ ನಿಧಾನಕ್ಕೆ ತೋಟಕ್ಕೆ ಜಾರಿ ಟಿಲ್ಲರ್ ಬ್ಲೇಡಿಗೆ ಸಿಗುತ್ತದೆ.

ಕೆಳಪದರಕ್ಕೆ 40 ಎಂಎಂ ಜಲ್ಲಿ. ರೋಲರ್ ಜೊತೆ ಬಂದವರು ವಯಸ್ಸಾದವರು, ಹಳ್ಳಿ ರಸ್ತೆಗಳ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಜಲ್ಲಿ ಹರಡಿದ ತಕ್ಷಣ ನಾನು ಡಸ್ಟ್, ಅಂದರೆ ಕ್ರಷರ್‌ನ ಕಲ್ಲುಪುಡಿ, ಹಾಕಿಸೋಣವಾ ಅಂತ ಕೇಳಿದೆ.

"ಇರಿ ಸ್ವಾಮಿ, ಕಲ್ಲು ಕಲ್ಲು ಮೊದಲು ಕಚ್ಚಿಕೊಳ್ಳಲಿ. ಈಗಲೇ ಪುಡಿ ಹಾಕಿದ್ರೆ ಅದು ಮಧ್ಯೆ ಕೂತ್ಕೊಂಡು ಕಚ್ಚೋಕೆ ಬಿಡಲ್ಲ."

ಒಣಗಲ್ಲಿನ ಮೇಲೆಯೇ ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾ ಓಡಿಸಿದರು. ನಡುವಿನಿಂದ ಶುರು ಮಾಡಿದರೆ ಕಲ್ಲು ಹೊರಕ್ಕೆ ಜರುಗಿ ಉಬ್ಬು ಕರಗಿಹೋಗುತ್ತದಂತೆ. ಸಾಕಷ್ಟು ಕೂತಿದೆಯಾ ಅಂತ ನೋಡಲು ಅವರದೊಂದು ಪರೀಕ್ಷೆ. ಒಂದು ಜಲ್ಲಿ ಕಲ್ಲನ್ನು ಪದರದ ಮೇಲೆ ಇಟ್ಟು ರೋಲರ್ ಹತ್ತಿಸಿದರು. ಮೊದಲ ಸಲ ಕಲ್ಲು ಪದರದೊಳಗೆ ಇಳಿದು ಕಾಣದಾಯಿತು. ಇನ್ನಷ್ಟು ಸುತ್ತು ಓಡಿಸಿ ಬೇರೆ ಕಲ್ಲು ಇಟ್ಟರು. ಈ ಸಲ ಚಟ್ ಅಂತ ಸದ್ದು. ಬಗ್ಗಿ ನೋಡಿದರೆ ಕಲ್ಲು ಪುಡಿಯಾಗಿ ಬಿಳಿ ಗುರುತು ಉಳಿದಿತ್ತು, ಪದರ ಅಲ್ಲಾಡಿರಲಿಲ್ಲ. "ಈಗ ಹಾಕ್ಸಿ" ಅಂದರು. ಡಸ್ಟಿಗೆ ಸ್ವಲ್ಪ ಗೊರಚು ಮಣ್ಣು ಬೆರೆಸಿ ತೆಳ್ಳಗೆ ಎರಚಿ, ಕಡ್ಡಿಪೊರಕೆಯಲ್ಲಿ ಸಂದಿಗೆ ಗುಡಿಸಿ, ನೀರು ಬಿಟ್ಟು ಮತ್ತೆ ರೋಲರ್. ಸಂದಿ ಕುಡಿದಷ್ಟೂ ಹಾಕುತ್ತಾ ಹೋದೆವು. ನಮ್ಮ ಹಳ್ಳಿ ರಸ್ತೆಗಳಿಗೆ ಡಾಂಬರಿನ ಕೆಳಗೆ ಹೀಗೇ ಮಾಡುತ್ತಿದ್ದರು. ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಮೆಕ್ಯಾಡಮ್ ಒಡೆದ ಸಣ್ಣ ಕಲ್ಲಿನಲ್ಲಿ ರಸ್ತೆ ಮಾಡುವ ಪದ್ಧತಿ ತಂದ, ಇಂಜಿನಿಯರುಗಳು ಹೇಳುವ ಡಬ್ಲ್ಯುಬಿಎಂನಲ್ಲಿ (ವಾಟರ್ ಬೌಂಡ್ ಮೆಕ್ಯಾಡಮ್) ಕೊನೆಯ ಎಂ ಅವನ ಹೆಸರೇ.

ಮೇಲೆ ಡಸ್ಟ್ ಇಲ್ಲದ 20 ಎಂಎಂ ಜಲ್ಲಿ, ಎರಡೇ ಅಂಗುಲ. ರಾಶಿಗೆ ಪೈಪ್ ಹಿಡಿದು ತೊಳೆದು ಹರಡಿದೆವು, ಸೊಪ್ಪಿಗೆ ದೂಳು ಹಾರಬಾರದು ಅನ್ನುವುದೇ ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಕಾರಣ. ದಪ್ಪ ಇದ್ದರೆ ಒಳ್ಳೆಯದು ಅಂತ ನಾಲ್ಕು ಅಂಗುಲ ಹಾಕಬೇಡಿ. ಸಡಿಲ ಜಲ್ಲಿಯಲ್ಲಿ ಬೈಕಿನ ಮುಂದಿನ ಚಕ್ರ ಹೂತು ವಾಲುತ್ತದೆ, ವಯಸ್ಸಾದವರಿಗೆ ಕಾಲು ಉಳುಕುತ್ತದೆ. ಅಮ್ಮನಿಗೆ ನಡೆಯಲು ಅಂತ ಒಂದು ಅಂಚಿನಲ್ಲಿ ಚಪ್ಪಡಿ ಹಾಸಿದ್ದೇವೆ.

ಹಸ್ತ, ಚಿತ್ತ ಮಳೆಗಳು ಬಂದು ಹೋದವು. ಟೆಂಪೊ ಹುಳುಮನೆ ಬಾಗಿಲವರೆಗೆ ಬಂದು ಗೂಡು ತುಂಬಿಕೊಂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಯಿತು. ಕಾಲಿಗೆ ಕೆಸರು ಹತ್ತುವುದಿಲ್ಲ, ಹಾಗಾಗಿ ಹುಳುಮನೆಯ ಒಳಗೂ ಮೊದಲಿಗಿಂತ ಚೊಕ್ಕ. ಚಕ್ರ ಓಡುವ ಎರಡು ಸಾಲಿನಲ್ಲಿ ಜಲ್ಲಿ ತೆಳುವಾಗುತ್ತದೆ, ಹಲ್ಲುಗುದ್ದಲಿಯಲ್ಲಿ ಎಳೆದು ಸರಿಮಾಡಬೇಕು. ತಿರುವಿನಲ್ಲಿ ಬೇಗ ಸರಿಯುತ್ತದೆ, ಅಲ್ಲಿ ವರ್ಷಕ್ಕೊಮ್ಮೆ ನಾಲ್ಕು ಬಾಂಡ್ಲಿ ಹೊಸ ಜಲ್ಲಿ ಬೇಕು, ಅದಕ್ಕಾಗಿ ಕೊಟ್ಟಿಗೆ ಹಿಂದೆ ಸ್ವಲ್ಪ ಉಳಿಸಿಟ್ಟಿದ್ದೇವೆ. ಕಳೆಯನ್ನು ಎಳೆಯದಾಗಿರುವಾಗ ಕೈಯಲ್ಲೇ ಕೀಳುತ್ತೇವೆ. ಪಕ್ಕದಲ್ಲೇ ಹುಳುವಿಗೆ ಹೋಗುವ ಸೊಪ್ಪು ಇರುವಾಗ ಔಷಧಿ ಹೊಡೆಯುವ ಮಾತೇ ಇಲ್ಲ. ಮುಂಗಾರಿಗೆ ಮುಂಚೆ ಎರಡೂ ಪೈಪಿನ ಬಾಯಿ, ಮೇಲುಗಡೆಯ ಕಾಲುವೆ ಇವನ್ನು ಬಿಡಿಸಿಕೊಟ್ಟರೆ ಉಳಿದದ್ದನ್ನು ದಾರಿ ತಾನೇ ನೋಡಿಕೊಳ್ಳುತ್ತದೆ.