ಲೈ, ಲೇ, ಡಿನೈ, ರಿಫ್ಯೂಸ್: ವಿದೇಶಕ್ಕೆ ಹೊರಟ ನರ್ಸ್‌ಗಳು ಇಂಗ್ಲಿಷ್ ಪದಗಳ ಗೊಂದಲ ಬಿಡಿಸಿಕೊಳ್ಳುವ ಬಗೆ

ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಬ್ರಿಟನ್ನಿಗೋ ಐರ್ಲೆಂಡಿಗೋ ಹೊರಡುವವರಿಗೆ ನಾನು ಇಂಗ್ಲಿಷ್ ಬರವಣಿಗೆ ಕಲಿಸುತ್ತೇನೆ. ಅವರಲ್ಲಿ ಬಹಳ ಮಂದಿ ಬರೆಯುವುದು ಓಇಟಿ, ಅಂದರೆ ಆರೋಗ್ಯ ಸಿಬ್ಬಂದಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ. ಅದರ ಬರವಣಿಗೆ ಭಾಗದಲ್ಲಿ ರೋಗಿಯ ಟಿಪ್ಪಣಿ ಓದಲು 5 ನಿಮಿಷ, ಅದನ್ನು ಆಧರಿಸಿ ಇನ್ನೊಬ್ಬ ವೈದ್ಯರಿಗೋ ನರ್ಸ್‌ಗೋ ಪತ್ರ ಬರೆಯಲು 40 ನಿಮಿಷ. ಆ ಗಡಿಬಿಡಿಯಲ್ಲಿ, ಉರುಹೊಡೆದ ಜೋಡಿಪದಗಳ ಪಟ್ಟಿ ಕೈಕೊಡುತ್ತದೆ. ಎರಡು ಪದಗಳನ್ನು ಒಟ್ಟಿಗೆ ಬಾಯಿಪಾಠ ಮಾಡಿದರೆ ಅವು ಒಟ್ಟಿಗೇ ನೆನಪಿಗೆ ಬರುತ್ತವೆ, ಯಾವುದು ಯಾವುದಕ್ಕೆ ಎಂಬುದು ಮಾತ್ರ ಬರುವುದಿಲ್ಲ.

ಹಾಗಾಗಿ ಪಟ್ಟಿಯನ್ನು ಬದಿಗಿಡಿ. ಬರೆಯಬೇಕಾದ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಎಷ್ಟೋ ಕಡೆ ಕನ್ನಡ ಆಗಲೇ ವ್ಯತ್ಯಾಸ ಮಾಡಿರುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರಿಗೂ ಶಾಲೆಯಲ್ಲಿ ಕಲಿತ ಕನ್ನಡ ಇಷ್ಟಕ್ಕೆ ಧಾರಾಳ ಸಾಕು.

ಮೊದಲಿಗೆ ಲೈ ಮತ್ತು ಲೇ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಇವನ್ನು ಅದಲುಬದಲು ಮಾಡುತ್ತಾರೆ. ನಮಗೆ ಆ ಕಷ್ಟ ಬೇಕಿಲ್ಲ. ರೋಗಿ ತಾನೇ ಮಲಗಿದರೆ ಲೈ, ನಾವು ಮಲಗಿಸಿದರೆ ಲೇ. ವ್ಯಾಕರಣದಲ್ಲಿ ಪ್ರೇರಣಾರ್ಥಕ ಎಂದು ಓದಿದ ‘ಇಸು’ ಪ್ರತ್ಯಯವೇ ಇಲ್ಲಿನ ಗೆರೆ. ಜ್ವರ ಏರುತ್ತದೆ, ಅದು ರೈಸ್. ಮಂಚದ ತಲೆಭಾಗವನ್ನು ನಾವು ಏರಿಸುತ್ತೇವೆ, ಅದು ರೇಸ್. ಕಲಿಯುವುದು ಲರ್ನ್, ಕಲಿಸುವುದು ಟೀಚ್. ಉಣ್ಣುವುದು ಈಟ್, ಉಣಿಸುವುದು ಫೀಡ್. ಮಾತ್ರೆಯನ್ನು ರೋಗಿ ತಾನೇ ನೆನಪಿಟ್ಟುಕೊಂಡರೆ ರಿಮೆಂಬರ್, ನೀವು ನೆನಪಿಸಿದರೆ ರಿಮೈಂಡ್.

ಲೈ–ಲೇ ಹೀಗಿರುವುದು ಆಕಸ್ಮಿಕವೂ ಅಲ್ಲ. ಇಂಗ್ಲಿಷಿನ ಪೂರ್ವಜವಾದ ಹಳೆಯ ಜರ್ಮ್ಯಾನಿಕ್ ಭಾಷೆಯಲ್ಲಿ ನಮ್ಮ ‘ಇಸು’ವಿನ ಕೆಲಸ ಮಾಡುವ ಪ್ರತ್ಯಯವೊಂದಿತ್ತು. ಅದು ಸವೆದುಹೋಯಿತು, ಒಳಗಿನ ಸ್ವರದ ವ್ಯತ್ಯಾಸ ಉಳಿಯಿತು. ಸಿಟ್ ಮತ್ತು ಸೆಟ್ ಕೂಡ ಇದೇ ಬಗೆಯ ಜೋಡಿ. ಡ್ರಿಂಕ್ ಪದದ ಜೊತೆಗಾರ ಡ್ರೆಂಚ್. ಇಂದು ಅದಕ್ಕೆ ತೊಯ್ಯಿಸು ಎಂಬ ಅರ್ಥವಿದ್ದರೂ ಮೂಲದಲ್ಲಿ ಅದು ಕುಡಿಸು. ಇದನ್ನು ಹೇಳಿಕೊಡುವಾಗ ನನಗೆ ಪ್ರತಿಸಲವೂ ಖುಷಿಯಾಗುತ್ತದೆ.

ಕಾಲು ಜಾರುವುದು ಭೂತಕಾಲದಲ್ಲಿ. ಲೈ ಪದದ ಭೂತಕಾಲ ಲೇ, ಲೇ ಪದದ ಭೂತಕಾಲ ಲೇಡ್. ‘ಶೀ ಲೇ ಆನ್ ಹರ್ ಲೆಫ್ಟ್ ಸೈಡ್’ ಎಂದರೆ ಅವರು ಎಡಮಗ್ಗುಲಿಗೆ ಮಲಗಿದರು. ‘ವಿ ಲೇಡ್ ಹರ್ ಆನ್ ಹರ್ ಲೆಫ್ಟ್ ಸೈಡ್’ ಎಂದರೆ ನಾವು ಮಲಗಿಸಿದೆವು. ಲೇಡ್ ಎಂದು ಬರೆಯುವ ಮೊದಲು ‘ಯಾರನ್ನು, ಏನನ್ನು?’ ಎಂದು ಕೇಳಿಕೊಳ್ಳಿ. ವಾಕ್ಯದಲ್ಲಿ ಉತ್ತರ ಸಿಗದಿದ್ದರೆ ಆ ಪದ ಅಲ್ಲಿ ಸಲ್ಲದು. ಆಗಲೂ ಅನುಮಾನ ಉಳಿದರೆ ಪೊಸಿಷನ್ಡ್ ಎಂದು ಬರೆಯಿರಿ. ವಾರ್ಡಿನಲ್ಲಿ ಎಲ್ಲರೂ ಬಳಸುವ ಪದವೇ ಅದು.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ರಕ್ತಸ್ರಾವ ನಿಂತಿತು, ರಕ್ತಸ್ರಾವ ನಿಲ್ಲಿಸಿದೆವು, ಎರಡಕ್ಕೂ ಸ್ಟಾಪ್ಡ್. ನೀರು ಕುದಿದರೂ ಕುದಿಸಿದರೂ ಬಾಯ್ಲ್. ಅಲ್ಲಿ ಇನ್ನೊಂದು ಪದ ಹುಡುಕುತ್ತಾ ಕೂರಬೇಡಿ.

ಇನ್ನು ಡಿನೈ ಮತ್ತು ರಿಫ್ಯೂಸ್. ನಿಘಂಟಿನಲ್ಲಿ ಎರಡಕ್ಕೂ ‘ನಿರಾಕರಿಸು’ ಎಂದಿರುವುದರಿಂದ ‘ಪೇಷಂಟ್ ರಿಫ್ಯೂಸ್ಡ್ ಚೆಸ್ಟ್ ಪೇನ್’ ಎಂಬಂಥ ವಾಕ್ಯ ಹುಟ್ಟುತ್ತದೆ. ಎದೆನೋವನ್ನು ಯಾರೂ ಕೊಡಲು ಬಂದಿರಲಿಲ್ಲ, ರೋಗಿ ಬೇಡವೆನ್ನಲು! ನಿಘಂಟು ಮುಚ್ಚಿ, ರೋಗಿಯ ಬಾಯಿಂದ ಬಂದ ಮಾತು ಯಾವುದು ನೋಡಿ. ‘ಇಲ್ಲ’ ಎಂದರೆ ಡಿನೈ, ‘ಬೇಡ’ ಎಂದರೆ ರಿಫ್ಯೂಸ್. ಎದೆನೋವು ಇಲ್ಲ ಎಂದರು, ಇಂಜೆಕ್ಷನ್ ಬೇಡ ಎಂದರು. ಇಂಗ್ಲಿಷಿನವರು ಎರಡಕ್ಕೂ ‘ನೋ’ ಎನ್ನುವ ಕಡೆ ನಮ್ಮಲ್ಲಿ ಎರಡು ಪದಗಳಿವೆ, ಅದನ್ನು ಬಳಸಿಕೊಳ್ಳಿ.

ಇಲ್ಲಿ ನನ್ನದೊಂದು ಆಗ್ರಹ. ಡಿನೈ ವೈದ್ಯಕೀಯ ಬರಹದಲ್ಲಿ ರೂಢಿಯಲ್ಲಿದ್ದರೂ, ರೋಗಿ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಅನುಮಾನದ ಛಾಯೆ ಅದಕ್ಕಿದೆ. ‘ರಿಪೋರ್ಟ್ಸ್ ನೋ ಚೆಸ್ಟ್ ಪೇನ್’ ಎಂದರೆ ಅರ್ಥವೂ ಕೆಡುವುದಿಲ್ಲ, ರೋಗಿಯ ಮರ್ಯಾದೆಯೂ ಉಳಿಯುತ್ತದೆ. ರಿಫ್ಯೂಸ್ಡ್ ಬದಲು ಡಿಕ್ಲೈನ್ಡ್ ಎಂದರೂ ಹಾಗೆಯೇ, ಹಟ ಹಿಡಿದರು ಎಂಬ ಧ್ವನಿ ಹೋಗುತ್ತದೆ. ಆ ಪತ್ರವನ್ನು ಮುಂದೆ ರೋಗಿಯೇ ಓದಬಹುದು.

ಕನ್ನಡವೇ ಎರಡು ಅರ್ಥಗಳನ್ನು ಒಂದು ಪದದಲ್ಲಿ ಸೇರಿಸಿರುವ ಕಡೆ ಎಚ್ಚರ ಹೆಚ್ಚು ಬೇಕು. ‘ಕಾಲು ಊದಿದೆ’ ಎನ್ನುತ್ತೇವೆ. ಯಾವ ಭಾಗ? ಪಾದದ ಕೀಲಿನಿಂದ ಕೆಳಗೆ ಫುಟ್, ಮೇಲೆ ಲೆಗ್. ಅಂಗರಚನಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಲೆಗ್ ಎಂದರೆ ಮೊಣಕಾಲಿನಿಂದ ಪಾದದ ಕೀಲಿನವರೆಗೆ ಮಾತ್ರ, ಅದರ ಮೇಲಿನದು ತೊಡೆ. ಎರಡೂ ಪಾದ ಊದಿಕೊಳ್ಳುವುದಕ್ಕೂ ಒಂದೇ ಕಾಲಿನ ಮೀನಖಂಡ ಊದಿ ನೋಯುವುದಕ್ಕೂ ವೈದ್ಯರು ಹುಡುಕುವ ಕಾರಣ ಬೇರೆ. ಎರಡನೆಯದರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಬೇಕಾಗುತ್ತದೆ. ಆದ್ದರಿಂದ ರೋಗಿ ಕಾಲು ಎಂದಾಗ ಬೆರಳಿಟ್ಟು ತೋರಿಸಲು ಹೇಳಿ, ಆಮೇಲೆ ಪದ ಆರಿಸಿ. ಕೈಗೂ ಇದೇ ಕ್ರಮ: ಮಣಿಕಟ್ಟಿನಿಂದ ಕೆಳಗೆ ಹ್ಯಾಂಡ್, ಮೇಲೆ ಆರ್ಮ್.

ಕಾಗುಣಿತದ ಜೋಡಿಗಳು ಸುಲಭ. ಬ್ರೆತ್ ಎಂದರೆ ಉಸಿರು, ಕೊನೆಗೆ ಇ ಅಕ್ಷರ ಸೇರಿದ ಬ್ರೀದ್ ಎಂದರೆ ಉಸಿರಾಡು. ಅಡ್ವೈಸ್ ಪದದಲ್ಲಿ, ಸಲಹೆ ಎಂಬ ನಾಮಪದಕ್ಕೆ ಸಿ ಅಕ್ಷರ, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ಎಸ್. ಬ್ರಿಟಿಷ್ ಕಾಗುಣಿತದಲ್ಲಿ ಪ್ರಾಕ್ಟಿಸ್ ಪದವೂ ಇದೇ ದಾರಿ. ಎಫೆಕ್ಟ್ ಬೇಕೋ ಅಫೆಕ್ಟ್ ಬೇಕೋ ತಿಳಿಯದಿದ್ದರೆ ಸೈಡ್ ಎಫೆಕ್ಟ್ ನೆನೆಸಿಕೊಳ್ಳಿ: ಪರಿಣಾಮಕ್ಕೆ ಇ, ಪರಿಣಾಮ ಬೀರುವುದಕ್ಕೆ ಎ.

ಕಾಗದದಲ್ಲಿ ಬೇರೆಯಾಗಿ ಕಂಡರೂ ಕಿವಿಗೆ ಒಂದೇ ಆಗಿ ಕೇಳುವ ಪದಗಳು ಮಾತ್ರ ಅಪಾಯಕಾರಿ. ಹೈಪೊಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ಕುಸಿದಿರುವುದು, ಹೈಪರ್‌ಗ್ಲೈಸೀಮಿಯ ಎಂದರೆ ಏರಿರುವುದು. ಒಂದಕ್ಕೆ ಸಕ್ಕರೆ ಕೊಡಬೇಕು, ಇನ್ನೊಂದಕ್ಕೆ ಕೊಟ್ಟರೆ ಅನಾಹುತ. ಪಾಳಿ ಬದಲಾಗುವಾಗ ಬರೀ ಪದ ಹೇಳಬೇಡಿ, ‘ಲೋ’ ಅಥವಾ ‘ಹೈ’ ಸೇರಿಸಿ, ಅಂಕಿಯನ್ನೂ ಮಾನವನ್ನೂ ಹೇಳಿ. ಇಲ್ಲಿ ನಾವು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಎಚ್ಚೆತ್ತುಕೊಳ್ಳುತ್ತೇವೆ. ಬ್ರಿಟನ್ನಿನಲ್ಲಿ ಅದೇ ಮಟ್ಟವನ್ನು ಲೀಟರಿಗೆ ಸುಮಾರು 4 ಮಿಲಿಮೋಲ್ ಎನ್ನುತ್ತಾರೆ. ಡೋಪಮಿನ್, ಡೋಬುಟಮಿನ್ ಎಂಬ ಔಷಧಿಗಳ ಹೆಸರಿನಲ್ಲಿ ವ್ಯತ್ಯಾಸವಿರುವ ಭಾಗವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ರೂಢಿ ಬಂದಿರುವುದೂ ಇಂಥ ಗೊಂದಲ ತಪ್ಪಿಸುವುದಕ್ಕೇ.

ಫೋನಿನಲ್ಲಿ ವೈದ್ಯರು ಪ್ರಮಾಣ ಹೇಳಿದಾಗ ಫಿಫ್ಟೀನ್ ಕೇಳಿತೋ ಫಿಫ್ಟಿ ಕೇಳಿತೋ ಎಂದು ಊಹಿಸಬೇಡಿ. ಮೊದಲು ಬರೆದುಕೊಳ್ಳಿ, ಆಮೇಲೆ ಅಂಕಿಗಳನ್ನು ಬಿಡಿಸಿ ‘ಒನ್ ಫೈವ್’ ಅಥವಾ ‘ಫೈವ್ ಝೀರೋ’ ಎಂದು ಅವರಿಗೇ ಓದಿ ಹೇಳಿ. ಅವರು ಹೌದೆಂದ ಮೇಲೆಯೇ ಸಿರಿಂಜಿಗೆ ಔಷಧಿ ಎಳೆಯಿರಿ.